ಹಾಳೆಯ ನಿಯಮ ಹಿಟ್ಟಿನ ಮುದ್ದೆಗೆ ನಡೆಯುತ್ತಾ?

"ದೊಡ್ಡ ಗಣಿತ ಕನ್ನಡದಲ್ಲಿ ಹೇಳೋಕಾಗಲ್ಲ" ಅನ್ನೋ ಮಾತನ್ನು ಪತ್ತಿಕೊಂಡ, ಆದೋನಿ ಕಡೆ ನಾವು ಚಿಕ್ಕಂದಿನಿಂದ ಕೇಳ್ತಾ ಬಂದಿದ್ದೇವೆ. ಅದನ್ನು ನಂಬಿ ಹತ್ತನೇ ಕ್ಲಾಸ್ ಆದಮೇಲೆ ಗಣಿತ ಬಿಟ್ಟು ಕಾಮರ್ಸ್ ಸೇರಿದವರೂ ನಾವೇ. ಈಗ ಬ್ಯಾಂಕಿನಲ್ಲಿ ಕೂತು ಬಡ್ಡಿ ಲೆಕ್ಕ ಹಾಕ್ತೀವಿ. ಆದ್ರೂ ಒಂದು ಸಲ ಹೇಳಿ ನೋಡೋಣ.

ಸಂಮಿಶ್ರ ಸಂಖ್ಯೆ ಅಂದ್ರೆ ಹಾಳೆ ಮೇಲಿನ ಒಂದು ಚುಕ್ಕೆ ಅಂದ್ಕೊಳ್ಳಿ. ಆ ಹಾಳೆಯನ್ನು ಹಿಗ್ಗಿಸಿ, ಬಗ್ಗಿಸಿ ಇನ್ನೊಂದು ಹಾಳೆ ಮೇಲೆ ಕೂರಿಸಬೇಕು. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟು, ಗೆರೆಗಳ ನಡುವಿನ ಕೋನ ಬದಲಾಗಬಾರದು. ಅಂದ್ರೆ ತೀರಾ ಸಣ್ಣ ವೃತ್ತ ಹಿರಿದಾಗಲಿ ಕಿರಿದಾಗಲಿ, ವೃತ್ತವಾಗಿಯೇ ಉಳಿಯಬೇಕು. ಇದಕ್ಕೆ ದಾರಿಗಳು ಲೆಕ್ಕವಿಲ್ಲದಷ್ಟಿವೆ. 1879ರಲ್ಲಿ ಫ್ರಾನ್ಸಿನ ಪಿಕಾರ್ ಬೆರಗಿನ ಮಾತೊಂದನ್ನು ಸಾಧಿಸಿದರು: ಇಡೀ ಹಾಳೆಯನ್ನು ಹೀಗೆ ಕೂರಿಸಿದರೆ, ಮುಚ್ಚದೆ ಉಳಿಯುವ ಚುಕ್ಕೆ ಹೆಚ್ಚೆಂದರೆ ಒಂದು!

ಇದನ್ನೇ ಮೂರು ಆಯಾಮಕ್ಕೆ ಒಯ್ಯಿರಿ. ಈಗ ಹಾಳೆ ಅಲ್ಲ, ಹಿಟ್ಟಿನ ಮುದ್ದೆ. ಒಳಗಿನ ಪ್ರತಿಯೊಂದು ಸಣ್ಣ ಗೋಳವೂ ಗೋಳವಾಗಿಯೇ ಉಳಿಯಬೇಕು. ಲಿಯೂವಿಲ್ 1850ರಲ್ಲೇ ತೋರಿಸಿಬಿಟ್ಟಿದ್ದರು: ಸರಿಸೋದು, ತಿರುಗಿಸೋದು, ಕನ್ನಡಿಯಂತೆ ಮಗುಚೋದು, ಎಲ್ಲ ಕಡೆ ಸಮನಾಗಿ ಹಿಗ್ಗಿಸೋದು, ಗೋಳದ ಒಳಗನ್ನು ಹೊರಗು ಮಾಡೋದು, ಇವುಗಳ ಜೋಡಣೆ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಹಂಗಂತ ಕೈಬಿಟ್ಟರಾ? ಇಲ್ಲ, ಷರತ್ತು ಸಡಿಲಿಸಿದರು. ನಮ್ಮ ಪತ್ತಿಕೊಂಡ ಮಾರ್ಕೆಟ್ಟಿನ ಉಂಡೆ ಟೊಮೇಟೊ ಉದ್ದ ಟೊಮೇಟೊ ಆದ್ರೂ ಪರವಾಗಿಲ್ಲ, ಆದ್ರೆ ಉದ್ದಕ್ಕೂ ದಪ್ಪಕ್ಕೂ ಇರೋ ಅನುಪಾತ ಒಂದು ಮಿತಿ ದಾಟಬಾರದು. 1960ರ ದಶಕದಲ್ಲಿ ಸೋವಿಯತ್ ದೇಶದ ರೆಶೆಟ್‌ನ್ಯಾಕ್ ಈ ದಾರಿ ತೆರೆದರು. 1980ರಲ್ಲಿ ಫಿನ್ಲೆಂಡಿನ ಸೆಪ್ಪೊ ರಿಕ್‌ಮನ್ ಪಿಕಾರರ ಮಾತನ್ನು ಇಲ್ಲಿಗೆ ತಂದರು: ಉಳಿಯುವ ಚುಕ್ಕೆಗಳು ಒಂದಕ್ಕಿಂತ ಹೆಚ್ಚಿರಬಹುದು, ಆದರೆ ಆ ಎಣಿಕೆಗೂ ಒಂದು ಮಿತಿ ಇದ್ದೇ ಇದೆ. 1985ರಲ್ಲಿ ಅವರೇ ಮುಂದುವರಿಸಿ ತೋರಿಸಿದರು: ಮೂರು ಆಯಾಮದಲ್ಲಿ ಸಾಕಷ್ಟು ಸಡಿಲ ಕೊಟ್ಟರೆ ನೂರು ಚುಕ್ಕೆ ಬೇಕಾದರೂ ಬಿಡಬಹುದು. ಸಾಲದ ಷರತ್ತು ಸಡಿಲಿಸಿದ ಹಾಗೆ ನೋಡಿ, ಬಾಕಿ ಜಾಸ್ತಿ ಆಗುತ್ತೆ, ಲೆಕ್ಕ ಮಾತ್ರ ತಪ್ಪಲ್ಲ.

"ಉಳಿದ ಆಯಾಮಕ್ಕೂ ಹೀಗೆಯೇ" ಅಂತ ಒಂದೇ ಸಾಲಲ್ಲಿ ಪಾಠ ಮುಗಿಸೋದನ್ನು ನಾವಂತೂ ಒಪ್ಪಲ್ಲ. ನಿಯಮ ಎಲ್ಲಿ ಮುರಿಯುತ್ತೆ ಅಂತ ಹೇಳಿದಾಗಲೇ ಮಕ್ಕಳು ಕಿವಿ ನಿಮಿರಿಸೋದು. ಅದನ್ನು ಮನೆಮಾತಿನಲ್ಲೇ ಹೇಳಬಹುದು, ಮೇಲೆ ಹೇಳಿದ್ದೇವಲ್ಲ. ಆದೋನಿ ಕಡೆಯ ಕನ್ನಡ ಶಾಲೆಗಳ ಗಣಿತದ ಮೇಷ್ಟ್ರೇ, ಮುಂದಿನ ವಾರ ಕ್ಲಾಸಿಗೆ ಒಂದು ಹಿಡಿ ಹಿಟ್ಟು ತಗೊಂಡು ಹೋಗ್ತೀರಾ?