ಕೇಳಿದ್ದು, ಅನ್ಸಿದ್ದು – 7: ಅಜ್ಜನ ಕಪ್ಪು 1, ಮಹಾರಾಜರ ಇ ಮೈನರ್

(1/3)

ಫೋಟೋದಲ್ಲಿರೋದು ನಮ್ಮಜ್ಜನ ಹಾರ್ಮೋನಿಯಂ. ಝೂಮ್ ಮಾಡಿ ನೋಡಿ, ಕಪ್ಪು 1ರ ಮೇಲೆ ಬಣ್ಣ ಸವೆದು ಹೋಗಿದೆ. ನಮ್ಮ ನೀಲಗುಂದದ ಸೋಮವಾರದ ಭಜನೆಯಲ್ಲಿ ಅಜ್ಜ ಯಾವತ್ತೂ ಅದೇ ಶ್ರುತಿ ಹಿಡೀತಿದ್ದ. ಹುಡುಗರು ತಾಳ ಜೋರು ಮಾಡಿದ್ರೆ, "ಓಡಬ್ಯಾಡ್ರಲೇ, ದೇವ್ರು ಎಲ್ಲೂ ಹೋಗಲ್ಲ" ಅಂತಿದ್ದ.

ಹೋದ ವರ್ಷ ಅಜ್ಜ ತೀರಿಕೊಂಡ. ಭಜನೆಯ ವಿಡಿಯೋ ಇದ್ದ ಫೋನು ಅದಕ್ಕೂ ಮುಂಚೆನೇ ನೀರಿಗೆ ಬಿದ್ದು ಹಾಳಾಗಿತ್ತು. ಉಳಿದದ್ದು ನನ್ನ ಕಸಿನ್ ಮಾಡಿದ ಒಂದು ರೀಲ್ ಮಾತ್ರ. ಅದು ಸ್ಪೀಡ್ ಮಾಡಿದ ರೀಲು. ಎಪ್ಪತ್ತು ದಾಟಿದ ಅಜ್ಜ ಅದರಲ್ಲಿ ಹತ್ತು ವರ್ಷದ ಹುಡುಗನ ಥರ ಹಾಡ್ತಾನೆ. ಅಜ್ಜಿಗೆ ಕೇಳಿಸಿದ್ವಿ. "ಇದು ಅವರ ದನಿ ಅಲ್ಲಪ್ಪ" ಅಂದು ಒಳಗೆ ಹೋದ್ಲು.

ಅವತ್ತಿಂದ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ: ಹಾಡಿನ ವೇಗ ಮತ್ತು ಶ್ರುತಿ ನಾವು ಬೇಕಾದಂಗೆ ತಿರುಗಿಸೋ ಗುಂಡಿ ಅಲ್ಲ. ಅದು ಹಾಡಿದವರ ಉಸಿರು.

(2/3)

ಈಗ ಸೀದಾ ಮೈಸೂರಿಗೆ ಹೋಗೋಣ. ಜಯಚಾಮರಾಜ ಒಡೆಯರ್ ಅಂದ್ರೆ ನಮಗೆ ದಸರಾ, ಅರಮನೆ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಬರೆದದ್ದು ಕೆಲವರಿಗೆ ಗೊತ್ತು. ಆದ್ರೆ ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರನಿಗೆ ಅವರು ಮಾಡಿದ್ದು ಎಷ್ಟು ಜನಕ್ಕೆ ಗೊತ್ತು? ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ದೇಶ ಬಿಟ್ಟು ಕೊನೆಗೆ ಲಂಡನ್ನಲ್ಲಿ ಇದ್ದ. ವಯಸ್ಸಾಗಿತ್ತು, ಹೃದಯ ಸರಿ ಇರಲಿಲ್ಲ. ಅವನ ಸಂಗೀತ ಅವನ ಕೈಯಲ್ಲೇ ರೆಕಾರ್ಡ್ ಆಗ್ಲಿ ಅಂತ ದುಡ್ಡು ಕೊಟ್ಟವರು ಮೈಸೂರಿನ ಈ ಮಹಾರಾಜರು. 1947ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ತನ್ನ ಮೂರನೇ ಪಿಯಾನೋ ಕನ್ಸರ್ಟೋ ನುಡಿಸಿದಾಗ ಮೆಟ್ನರ್‌ಗೆ 67 ವರ್ಷ. ನಡೆಸಿದವನು ಇಸ್ಸಾಯ್ ಡೊಬ್ರೊವೆನ್. ಆ ಕನ್ಸರ್ಟೋ ಅರ್ಪಣೆ ಆಗಿರೋದೂ ನಮ್ಮ ಮಹಾರಾಜರಿಗೇ. ನಾಲ್ಕು ವರ್ಷಕ್ಕೆ, 1951ರಲ್ಲಿ, ಮೆಟ್ನರ್ ತೀರಿಕೊಂಡ.

(ಅವತ್ತು ನಮ್ಮೂರು ಮೈಸೂರು ಸಂಸ್ಥಾನದಲ್ಲಿ ಇರಲೇ ಇಲ್ಲ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಆದ್ರೂ ಹೆಮ್ಮೆ ಪಡೋಕೆ ಟ್ಯಾಕ್ಸ್ ಇಲ್ಲ.)

ಆ ಕನ್ಸರ್ಟೋ ಇ ಮೈನರ್. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ 3ನ್ನ 'ಸ' ಮಾಡ್ಕೊಳ್ಳಿ, ಗ, ಧ, ನಿ ಕೋಮಲ ಹಿಡೀರಿ, ಹತ್ತತ್ರ ನಮ್ಮ ನಟಭೈರವಿಯ ಸ್ವರಗಳು. ಮೈನರ್ ಅಂದ ಕೂಡಲೇ "ಸ್ಯಾಡ್" ಅನ್ನೋ ಹ್ಯಾಶ್‌ಟ್ಯಾಗ್ ಹಾಕ್ತೀವಲ್ಲ, ಇಲ್ಲಿ ಅದು ನಿಲ್ಲಲ್ಲ. ಮೊದಲ ಭಾಗದ ಮೇಲೆ ಮೆಟ್ನರ್ ಬರೆದ ಸೂಚನೆಯ ಅರ್ಥ: ವಿಶಾಲವಾಗಿ, ಆದ್ರೆ ನಡೆ ಬಿಡದೆ. ದುಃಖ ಅಂತ ಎಲ್ಲೂ ಬರೆದಿಲ್ಲ. ಕೇಳಿದ್ರೆ ಸಂಜೆ ಹೊಲದಿಂದ ಮನೆ ಕಡೆ ನಡೀತಿರೋ ಮನುಷ್ಯನ ಹಂಗಿದೆ. ಸುಸ್ತಾಗಿದೆ, ಆದ್ರೆ ಸೋತಿಲ್ಲ. ಕೊನೆ ಭಾಗದ ಸೂಚನೆಯಲ್ಲಿ ಎಚ್ಚರಗೊಳ್ಳುವುದು, ವೀರ ಅನ್ನೋ ಮಾತಿದೆ. ಅಲ್ಲಿಗೆ ಬರೋ ಹೊತ್ತಿಗೆ ಶುರುವಿನ ಆ ಮಬ್ಬು ಹರಿದು ಬೆಳಕಾಗುತ್ತೆ. ಅದನ್ನ ಸ್ಲೋ ಮಾಡಿ ಮಳೆ ಶಬ್ದ ಸೇರಿಸಿದ್ರೆ ನಡೀತಿದ್ದ ಮನುಷ್ಯನ್ನ ಹಿಡಿದು ಅಳೋಕೆ ಕೂರಿಸಿದಂಗೆ.

(3/3)

ಇನ್ನೊಂದು ವಿಷಯ. ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು. ಅದನ್ನೇ ಸುಮಾರು 83ಕ್ಕೆ ತಿರುಗಿಸಿದ್ರೆ ಇ ಮೈನರ್ ಹೋಗಿ ಎಫ್ ಮೈನರ್ ಆಗುತ್ತೆ, ಅಂದ್ರೆ ಒಂದು ಮನೆ ಮೇಲೆ. ಹಾಗಾಗಿ ಹಳೇ ತಟ್ಟೆಯ ಸರಿಯಾದ ವೇಗ ಗೊತ್ತಾಗದಿದ್ರೆ ಶ್ರುತಿ ನೋಡಿ ಕಂಡುಹಿಡೀಬಹುದು. ಶ್ರುತಿ ಸರಿ ಬಂತಾ, ವೇಗನೂ ಸರಿ.

ಇದನ್ನ ತಿಳ್ಕೊಂಡಾಗ ರಾತ್ರಿ ಹನ್ನೊಂದು. ಎದ್ದು ಹೋಗಿ ಅಜ್ಜನ ಪೆಟ್ಟಿಗೆ ತೆಗೆದೆ. ರೀಲ್ ಹಾಕಿ ಮನೆ ಒತ್ತಿ ನೋಡಿದೆ: ಬಿಳಿ 4 ಹತ್ರ ಕೂಗ್ತಿತ್ತು. ಅಜ್ಜ ಹಾಡಿದ್ದು ಕಪ್ಪು 1ರಲ್ಲಿ. ನಾಲ್ಕು ಮನೆ ಮೇಲೆ ಹೋಗಿದೆ ಅಂದ್ರೆ ಕಸಿನ್ 1.25 ಸ್ಪೀಡ್ ಇಟ್ಟಿದ್ದಾನೆ. ಈಗ ಬಿಕಾಂ ಕೆಲಸಕ್ಕೆ ಬಂತು. ಕಾಸ್ಟ್ ಮೇಲೆ 25 ಪರ್ಸೆಂಟ್ ಲಾಭ ಅಂದ್ರೆ ಸೇಲ್ಸ್ ಮೇಲೆ 20. ಅಂದ್ರೆ 25 ಏರಿಸಿದ್ದನ್ನ ವಾಪಸ್ ತರೋಕೆ 20 ಇಳಿಸಿದ್ರೆ ಸಾಕು. ವೇಗದ ಜೊತೆ ಶ್ರುತಿನೂ ಇಳಿಯೋ ಹಾಗೆ ಇಟ್ಟು 0.8 ಮಾಡಿದೆ. ಕಪ್ಪು 1ಕ್ಕೆ ಬಂದು ಕೂತಿತು. ಅಜ್ಜ ಬಂದ.

"ಅಯ್ಯೋ, ಆ ರೀಲ್ ಇಲ್ದಿದ್ರೆ ಅದೂ ಇರ್ತಿರಲಿಲ್ಲ ಅಲ್ವಾ" ಅಂತ ಕಸಿನ್ ಕೇಳಿದ. ಹೌದು, ಒಪ್ತೀನಿ. ಅವನ ಮೇಲೆ ಸಿಟ್ಟಿಲ್ಲ. ರೀಲ್ ಮಾಡಿ, ಸ್ಪೀಡ್ ಮಾಡಿ, ಕುಣೀರಿ. ಆದ್ರೆ ಒರಿಜಿನಲ್ ಇಟ್ಕೊಂಡು ಮಾಡಿ. ನಾನು ಅಜ್ಜನ್ನ ವಾಪಸ್ ತಂದದ್ದು ಅವನು ಯಾವತ್ತೂ ಶ್ರುತಿ ಬದಲಿಸದ ಮನುಷ್ಯ ಆಗಿದ್ದಕ್ಕೆ, ಪೆಟ್ಟಿಗೆ ಮನೇಲಿ ಇದ್ದಿದ್ದಕ್ಕೆ. ಎಲ್ಲರಿಗೂ ಆ ಅದೃಷ್ಟ ಇರಲ್ಲ.

ಮೆಟ್ನರ್‌ಗೆ ಒಬ್ಬ ಮಹಾರಾಜ ಬೇಕಾಯ್ತು. ನಮ್ಮ ಮನೆ ಹಿರಿಯರಿಗೆ ಬೇಕಿರೋದು ಒಂದು ಫೋನು, ಹತ್ತು ನಿಮಿಷ ಅಷ್ಟೇ. ಈ ವಾರ ರೆಕಾರ್ಡ್ ಮಾಡಿ. ಎಡಿಟ್ ಮಾಡದ ಫೈಲನ್ನ ಎರಡು ಕಡೆ ಇಡಿ. ತಾರೀಖು, ಶ್ರುತಿ ಬರೆದಿಡಿ.

ಅಜ್ಜಿಗೆ ಬೆಳಿಗ್ಗೆ ಕೇಳಿಸಿದೆ. ಏನೂ ಅನ್ನಲಿಲ್ಲ. ಕೈ ಮಾತ್ರ ತೊಡೆ ಮೇಲೆ ತಾಳ ಹಾಕ್ತಿತ್ತು, ನಿಧಾನಕ್ಕೆ.

ನಿಮ್ಮ ಮನೇಲಿ ಯಾರು ಹಾಡ್ತಾರೆ? ಯಾವ ಮನೆ ಶ್ರುತಿ? ಕಾಮೆಂಟಲ್ಲಿ ಬರೀರಿ.

#ಕೇಳಿದ್ದುಅನ್ಸಿದ್ದು #ನೀಲಗುಂದ #ಹರಪನಹಳ್ಳಿ #ಮೆಟ್ನರ್ #ಭಜನೆ