ರಸಬಾಳೆಯ ರಕ್ಷಣೆಗೆ ನಕಲೊಂದೇ ಸಾಲದು

ನಂಜನಗೂಡಿನ ರಸಬಾಳೆಯ ಸವಿಯನ್ನು ಮೈಸೂರು ಸೀಮೆಯ ವಾಚಕರಿಗೆ ನಾವು ಬಣ್ಣಿಸಬೇಕಾಗಿಲ್ಲ. ಆ ಹೆಸರಿಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದರೆ ಹೆಸರಿಗೆ ದೊರೆತ ರಕ್ಷಣೆ ಗಿಡಕ್ಕೆ ದೊರೆತಿಲ್ಲ. ಪನಾಮ ಸೊರಗು ರೋಗಕ್ಕೆ ತುತ್ತಾಗಿ ಈ ತಳಿಯ ಬೇಸಾಯ ಬಹಳವಾಗಿ ಕುಗ್ಗಿದೆ. ಇದರ ಕಾರಣವನ್ನು ಗಿಡದ ಜೀವಕೋಶದೊಳಗೂ ಅರಸಬೇಕು.

ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ನೀಳವಾದ ಅಣುವುಂಟು. ರೋಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ ಕ್ಷಕಿರಣ ಚಿತ್ರಗಳ ಆಧಾರವನ್ನೂ ಪಡೆದು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದರ ರಚನೆಯನ್ನು ತಿಳಿಸಿದರು: ಹುರಿಗೊಂಡ ಹಗ್ಗದಂತೆ ಸುತ್ತಿಕೊಂಡ ಎರಡು ಎಳೆಗಳು, ಅವುಗಳ ನಡುವೆ ಅಡಿನೀನಿಗೆ ಥೈಮೀನು ಜೊತೆ, ಗ್ವಾನೀನಿಗೆ ಸೈಟೊಸೀನು ಜೊತೆ. ಈ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಮೂರು ಮೂರು ಅಕ್ಷರಗಳು ಕೂಡಿ ಒಂದೊಂದು ಪದವಾಗುತ್ತದೆ. ಇಂತಹ 64 ಪದಗಳಲ್ಲಿ 61 ಪದಗಳು 20 ಬಗೆಯ ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ಪೂರ್ಣವಿರಾಮಗಳು. ಈ ಲಿಪಿಯನ್ನು ಬಿಡಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನ ಅವರೂ ಒಬ್ಬರು. 1968ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಂದಿತು. ಡಿ.ಎನ್.ಎ.ಯ ಬರಹವನ್ನು ಆರ್.ಎನ್.ಎ. ನಕಲು ಮಾಡಿ ಒಯ್ಯುತ್ತದೆ. ರೈಬೊಸೋಮು ಅದನ್ನು ಓದಿ ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೋಟೀನನ್ನು ಕಟ್ಟುತ್ತದೆ. ಹಣ್ಣಿಗೆ ಪರಿಮಳವನ್ನು ಕೊಡುವ ಕಿಣ್ವಗಳೂ ಪ್ರೋಟೀನುಗಳೇ. ಒಳಹೊಕ್ಕ ಶತ್ರುವನ್ನು ಗುರುತಿಸುವ ಗಿಡದ ಕಾವಲುಗಾರರೂ ಬಹುಮಟ್ಟಿಗೆ ಪ್ರೋಟೀನುಗಳೇ.

ರಸಬಾಳೆಯಲ್ಲಿ ವರ್ಣತಂತುಗಳು ಎರಡು ಗಣಗಳಲ್ಲ, ಮೂರು. ಆದಕಾರಣ ಅದು ಬೀಜ ಕಟ್ಟುವುದಿಲ್ಲವೆಂದೇ ಹೇಳಬಹುದು. ರೈತನು ಕಂದನ್ನು ಕಿತ್ತು ನೆಡುತ್ತಾನೆ. ಕಂದೆಂದರೆ ತಾಯಿಯ ಬರಹದ ನಕಲು. ಸವಿ ಕೆಡದೆ ನಮ್ಮವರೆಗೆ ಬಂದುದು ಇದರಿಂದಲೇ. ಆದರೆ ಸವಿಯೊಡನೆ ದೌರ್ಬಲ್ಯವೂ ನಕಲಾಗುತ್ತ ಬಂದಿದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರವು ಬೇರನ್ನು ಹೊಕ್ಕು ನೀರಿನ ನಾಳಗಳನ್ನು ಮುಚ್ಚಿದಾಗ, ಒಂದು ಗಿಡ ಸೋತ ರೀತಿಯಲ್ಲಿಯೇ ನೆರೆಯ ಗಿಡವೂ ಸೋಲುತ್ತದೆ.

ಅಂಗಾಂಶ ಕೃಷಿಯ ಸಸಿಗಳನ್ನು ಹಂಚಿದರೆ ಸಾಕೆಂಬ ಮಾತನ್ನು ನಾವು ಒಪ್ಪಲಾರೆವು. ಅವು ಶುದ್ಧವಾದ ಸಸಿಗಳು, ಬೇಕಾದವೇ ಸರಿ. ಆದರೆ ಅವೂ ನಕಲುಗಳೇ. ರೋಗವಿಲ್ಲದ ಸಸಿ ಬೇರೆ, ರೋಗವನ್ನು ತಡೆಯಬಲ್ಲ ಸಸಿ ಬೇರೆ. ಈ ಶಿಲೀಂಧ್ರವು ದಶಕಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲದು. ಹರಿಯುವ ನೀರಿನೊಡನೆ ಸಾಗಲೂ ಬಲ್ಲದು. ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆದುದರಿಂದ ಮೇಲಿನ ತಾಲ್ಲೂಕಿನ ರೋಗವು ಕೆಳಗಿನ ತಾಲ್ಲೂಕಿನ ಚಿಂತೆಯೂ ಆಗಬೇಕು.

ಹಾಗಾದರೆ ದಾರಿ ಯಾವುದು? ಆಸ್ಟ್ರೇಲಿಯದ ವಿಜ್ಞಾನಿಗಳು ಕಾಡುಬಾಳೆಯೊಂದರ ಆರ್.ಜಿ.ಎ.2 ಎಂಬ ಜೀನನ್ನು ಕ್ಯಾವೆಂಡಿಷ್ ಬಾಳೆಗೆ ಸೇರಿಸಿ, ಪನಾಮ ರೋಗದ ಉಗ್ರ ಬಗೆಯೊಂದನ್ನು ಅದು ತಡೆಯುವುದನ್ನು 2017ರಲ್ಲಿ ಪ್ರಕಟಿಸಿದರು. ಆ ಬಾಳೆಗೆ ಅಲ್ಲಿನ ಸರ್ಕಾರ 2024ರಲ್ಲಿ ಅನುಮತಿಯನ್ನೂ ನೀಡಿತು. ರಸಬಾಳೆಯ ತಳಿ ಬೇರೆ. ಅಲ್ಲಿ ಫಲಿಸಿದುದು ಇಲ್ಲಿಯೂ ಫಲಿಸುವುದೆಂದು ಪರೀಕ್ಷಿಸದೆ ನಂಬಲಾಗದು. ಸವಿ ಮತ್ತು ಸುರಕ್ಷತೆಗಳನ್ನು ಒರೆಹಚ್ಚಿ ನೋಡಬೇಕು. ಬೆಳೆಯಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಬೆಳೆಗಾರರ ಮಾತೂ ನಡೆಯಬೇಕು. ಆದರೆ ಪರೀಕ್ಷೆಗೇ ಹೆದರುವುದು ವಿವೇಕವಲ್ಲ.

ಈ ದಾರಿಗೂ ಮೂಲ ಬಂಡವಾಳವೆಂದರೆ ಕಾಡುಬಾಳೆಗಳೇ. ಪಶ್ಚಿಮ ಘಟ್ಟಗಳಲ್ಲಿ ಬೀಜ ತುಂಬಿದ, ತಿನ್ನಲು ಬಾರದ ಬಾಳೆಗಳು ಇಂದಿಗೂ ಇವೆ. ಯಾವ ಪ್ರೋಟೀನಿನ ಬರಹ ಯಾವ ಗಿಡದಲ್ಲಿ ಅಡಗಿದೆಯೋ ಬಲ್ಲವರಾರು? ರಸಬಾಳೆಯನ್ನು ಪ್ರೀತಿಸುವವರು ಆ ರುಚಿಯಿಲ್ಲದ ಬಂಧುಗಳನ್ನೂ ಕಾಪಾಡಬೇಕೆಂಬುದು ನಮ್ಮ ಅಭಿಪ್ರಾಯ.