ನಾಟಿಲಸ್ ಗೊತ್ತು, ಥ್ರೆಶರ್ ಗೊತ್ತೇ?

ಶಾಲಾ ರಸಪ್ರಶ್ನೆಗಳಲ್ಲಿ ನಾವು ಅಧ್ಯಾಪಕರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಪ್ರಪಂಚದ ಮೊದಲ ಅಣುಚಾಲಿತ ಜಲಾಂತರ್ಗಾಮಿ ಯಾವುದು? ಮಕ್ಕಳು 'ನಾಟಿಲಸ್' ಎಂದು ಥಟ್ಟನೆ ಹೇಳುತ್ತಾರೆ. ಅಂಕ ಕೊಟ್ಟು ಮುಂದೆ ಹೋಗುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದದ್ದು ಥ್ರೆಶರ್ ಬಗ್ಗೆ.

ಮೊದಲು ಹೆಸರಿನ ಗೊಂದಲ ತೀರಿಸೋಣ. 'ಅಣು ದಾಳಿ ಜಲಾಂತರ್ಗಾಮಿ' ಎಂದು ಬರೆದರೆ ಅಣುಬಾಂಬು ಹಾಕುವ ನೌಕೆ ಎಂದೇ ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ಅಣುಶಕ್ತಿ ಇರುವುದು ಅದನ್ನು ಓಡಿಸಲು. ಶತ್ರುವಿನ ಹಡಗು, ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದು ಅದರ ಕೆಲಸ, ಮುಖ್ಯ ಆಯುಧ ಟಾರ್ಪಿಡೊ. 'ಅಣುಚಾಲಿತ ದಾಳಿ ಜಲಾಂತರ್ಗಾಮಿ' ಎಂದರೆ ಉದ್ದವಾಯಿತು, ಆದರೆ ಅರ್ಥ ಸರಿಯಾಯಿತು. (ಮಲಯಾಳದವರ 'ಅಂತರ್ವಾಹಿನಿ' ಚಿಕ್ಕದಾಗಿ ಚೆನ್ನಾಗಿದೆ. ಕಡ ತಂದರೆ ತಪ್ಪೇನಿಲ್ಲ!)

ಡೀಸೆಲ್ ನೌಕೆ ಬ್ಯಾಟರಿ ಚಾರ್ಜ್ ಮಾಡಲು ಗಾಳಿಗಾಗಿ ಮೇಲೆ ಬರಲೇಬೇಕು. ರಿಯಾಕ್ಟರಿಗೆ ಗಾಳಿ ಬೇಡ. ಅದರ ಶಾಖದಿಂದ ನೀರು ಆವಿಯಾಗಿ ಟರ್ಬೈನ್ ತಿರುಗುತ್ತದೆ. 1955ರಲ್ಲಿ ನಾಟಿಲಸ್ ಇದನ್ನು ಸಮುದ್ರದಲ್ಲಿ ಮಾಡಿ ತೋರಿಸಿತು. 1961ರಲ್ಲಿ ಅಮೆರಿಕದ ನೌಕಾಪಡೆಗೆ ಸೇರಿದ ಥ್ರೆಶರ್ ಅದಕ್ಕಿಂತ ಬಹಳ ಮುಂದೆ ಹೋಗಿತ್ತು. ಮೂತಿಯ ತುಂಬ ಗೋಲಾಕಾರದ ಸೋನಾರ್, ಅದಕ್ಕೆ ಜಾಗ ಬಿಟ್ಟುಕೊಟ್ಟು ನಡುಭಾಗಕ್ಕೆ ಸರಿದ ಟಾರ್ಪಿಡೊ ಕೊಳವೆಗಳು. ಯಂತ್ರಗಳ ಸದ್ದು ನೀರಿಗೆ ದಾಟದಂತೆ ಅವನ್ನು ಅದುರು ತಡೆಯುವ ಆಧಾರಗಳ ಮೇಲೆ ತೆಪ್ಪದ ಹಾಗೆ ಕೂರಿಸಿದ್ದರು. ಜಲಾಂತರ್ಗಾಮಿಗೆ ಮೌನವೇ ಕವಚ.

ಇಂಥ ನೌಕೆ 1963ರ ಏಪ್ರಿಲ್ 10ರಂದು ಅಟ್ಲಾಂಟಿಕ್ ಸಾಗರದಲ್ಲಿ ಆಳಕ್ಕಿಳಿಯುವ ಪರೀಕ್ಷೆಯ ವೇಳೆ ಮುಳುಗಿತು. 17 ಮಂದಿ ನಾಗರಿಕರೂ ಸೇರಿ 129 ಜನ ಸತ್ತರು. ಎಂಜಿನ್ ಕೋಣೆಯಲ್ಲಿ ಸಮುದ್ರದ ನೀರಿನ ಪೈಪಿನ ಬೆಸುಗೆ ಬಿಟ್ಟಿರಬೇಕು, ನುಗ್ಗಿದ ನೀರಿನಿಂದ ವಿದ್ಯುತ್ ಕೆಟ್ಟು ರಿಯಾಕ್ಟರ್ ನಿಂತಿರಬೇಕು ಎಂದು ತನಿಖೆ ಹೇಳಿತು. (ವಿದ್ಯುತ್ತೇ ಮೊದಲು ಕೈಕೊಟ್ಟಿತೆಂದು ವಾದಿಸುವವರೂ ಇದ್ದಾರೆ.) ತೊಟ್ಟಿಗಳ ನೀರನ್ನು ಹೊರದಬ್ಬಿ ಮೇಲೇಳಲು ಬೇಕಾದ ಒತ್ತಡದ ಗಾಳಿಯೂ ಸಾಲಲಿಲ್ಲ. ಗಾಳಿಯಲ್ಲಿದ್ದ ತೇವ ಮಂಜುಗಡ್ಡೆಯಾಗಿ ದಾರಿ ಕಟ್ಟಿರಬೇಕು.

ನಮ್ಮನ್ನು ಕಾಡುವುದು ಇನ್ನೊಂದು ವಿಷಯ. ಮುಳುಗುವ ಮೊದಲೇ ನೌಕಾಗಾರದಲ್ಲಿ 145 ಬೆಸುಗೆಗಳನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸಿದ್ದರು. ಶೇಕಡಾ 14ರಷ್ಟು ಕಳಪೆ ಎಂದು ತಿಳಿದಿತ್ತು. ಆದರೂ ಉಳಿದ ಬಹುಪಾಲು ಬೆಸುಗೆಗಳನ್ನು ಹಾಗೆ ಪರೀಕ್ಷಿಸದೆ ನೌಕೆಯನ್ನು ಕಡಲಿಗಿಳಿಸಿದರು!

ಅದೇ ವರ್ಷ 'ಸಬ್‌ಸೇಫ್' ಎಂಬ ವ್ಯವಸ್ಥೆ ಬಂತು. ನೀರನ್ನು ಹೊರಗೆ ತಡೆಯುವ ಪ್ರತಿ ಭಾಗಕ್ಕೂ ಪರೀಕ್ಷೆ, ದಾಖಲೆ, ಪ್ರಮಾಣಪತ್ರ. 1968ರಲ್ಲಿ 99 ಜನರೊಂದಿಗೆ ಕಳೆದುಹೋದ ಸ್ಕಾರ್ಪಿಯನ್‌ಗೆ ಆ ಪ್ರಮಾಣಪತ್ರ ಇರಲಿಲ್ಲ. ಅದು ಪಡೆದ ಯಾವ ನೌಕೆಯೂ ಈವರೆಗೆ ಮುಳುಗಿಲ್ಲ.

ಯುದ್ಧದ ಯಂತ್ರದ ಕಥೆ ಮಕ್ಕಳಿಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ದೇಶ ಮೊದಲು ಸೋವಿಯತ್ ಒಕ್ಕೂಟದಿಂದ, ಆಮೇಲೆ ರಷ್ಯಾದಿಂದ ಬಾಡಿಗೆಗೆ ತಂದ 'ಚಕ್ರ' ನೌಕೆಗಳನ್ನು 1988–91ರಲ್ಲೂ 2012–21ರಲ್ಲೂ ಓಡಿಸಿತು. 2024ರ ಅಕ್ಟೋಬರಿನಲ್ಲಿ ಇಂಥ ಎರಡು ನೌಕೆಗಳನ್ನು ಇಲ್ಲಿಯೇ ಕಟ್ಟಲು ಕೇಂದ್ರ ಸರಕಾರ ಒಪ್ಪಿತು. ಅವುಗಳ ಪೈಪು ಬೆಸೆಯುವವರು, ಪರೀಕ್ಷಿಸಿ ಸಹಿ ಹಾಕುವವರು ಎಲ್ಲಿಂದ ಬರುತ್ತಾರೆ? ಐ.ಟಿ.ಐ., ಪಾಲಿಟೆಕ್ನಿಕ್‌ಗಳಿಂದ. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಅಲ್ಲಿಗೆ ಹೋಗುವವರೇ.

ಆದ್ದರಿಂದ ಅಧ್ಯಾಪಕ ಮಿತ್ರರೇ, ಮುಂದಿನ ರಸಪ್ರಶ್ನೆಯಲ್ಲಿ ಒಂದು ಲೆಕ್ಕ ಕೊಡೋಣ. 145 ಬೆಸುಗೆಗಳಲ್ಲಿ ಶೇಕಡಾ 14 ಎಂದರೆ ಎಷ್ಟು? ಸುಮಾರು 20 ಎಂದು ಉತ್ತರ ಬಂದ ಮೇಲೆ ಇನ್ನೊಂದು ಕೇಳೋಣ: ಪರೀಕ್ಷಿಸದೆ ಉಳಿದವುಗಳನ್ನು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?